ಮೈದಾನದ ಎದುರು ನಾನು ನಿಲ್ಲಿಸದ ಬಸ್ಸು

ಬ್ರಹ್ಮಾವರದ ಒಂದು ಸಭಾಭವನದಲ್ಲಿ ಅವಳಿಗೆ ಸನ್ಮಾನವಾಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೆ ಅವಳಿಂದ ಓದಲಾಗದ ಒಂದು ಸನ್ಮಾನಪತ್ರ, ಗಾಜಿನ ಕಟ್ಟು ಹಾಕಿಸಿದ್ದು. ಮೈಕಿನ ಮುಂದೆ ನಿಂತವರೆಲ್ಲ ಅವಳು ಕತ್ತಲೆಯನ್ನು ಗೆದ್ದವಳು ಎಂದರು. ಓಟದಲ್ಲಿ ರಾಷ್ಟ್ರಮಟ್ಟದ ಪದಕ ತಂದವಳು, ಸ್ವಂತ ಫಿಸಿಯೋಥೆರಪಿ ಕ್ಲಿನಿಕ್ ನಡೆಸುವವಳು, ಕಣ್ಣಿಲ್ಲದಿದ್ದರೂ ಇಷ್ಟೆಲ್ಲ ಮಾಡಿದವಳು ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಕೊನೆಯ ಸಾಲಿನಲ್ಲಿ ಕೂತು ಹಲ್ಲು ಕಚ್ಚುತ್ತಿದ್ದೆ.

ಕತ್ತಲೆ ಅವಳಿಗೆ ಏನು ಮಾಡಿತ್ತು? ತುಂಬಿದ ಬಸ್ಸಿನಲ್ಲಿ ಅವಳನ್ನು ನಗೆಪಾಟಲು ಮಾಡಿದ್ದು ಕತ್ತಲೆಯಲ್ಲ. ಅವಳನ್ನು ಹೆದ್ದಾರಿಯ ಬದಿಯಲ್ಲಿ ಇಳಿಸಿ ಹೋದದ್ದೂ ಅದಲ್ಲ. ಹಾಡುಹಗಲು, ಬೆಳಿಗ್ಗೆ ಎಂಟೂವರೆಯ ಬಿಸಿಲಿನಲ್ಲಿ ಅದನ್ನು ಮಾಡಿದವನು ನಾನು. ವೇದಿಕೆಯ ಮೇಲೆ ಬಸ್ಸು ಮಾಲಿಕರ ಪರವಾಗಿ ಒಬ್ಬರು ಕೂತಿದ್ದರು. ಅವರು ಎದ್ದು, ನಮ್ಮ ಬಸ್ಸುಗಳಲ್ಲಿ ಇಂಥವರನ್ನು ಕೈಹಿಡಿದು ಹತ್ತಿಸುತ್ತೇವೆ, ಕೈಹಿಡಿದು ಇಳಿಸುತ್ತೇವೆ ಎಂದರು. ಅದಕ್ಕೂ ಚಪ್ಪಾಳೆ ಬಿತ್ತು.

ನಾನು ಹತ್ತನೆಯ ತರಗತಿ ಪಾಸಾಗಿ ಹೆಗಲಿಗೆ ಚೀಲ ಹಾಕಿಕೊಂಡವನು. ಬೈಂದೂರು, ಕುಂದಾಪುರ, ಬ್ರಹ್ಮಾವರ, ಉಡುಪಿ, ಮತ್ತೆ ವಾಪಸು. ಮೂವತ್ತಕ್ಕೂ ಹೆಚ್ಚು ವರ್ಷ ಇದೇ ರಸ್ತೆಯಲ್ಲಿ ಖಾಸಗಿ ಬಸ್ಸಿನ ಕಂಡಕ್ಟರನಾಗಿದ್ದೆ. ಕೈಹಿಡಿದು ಹತ್ತಿಸಿದ್ದು ಎಷ್ಟು ಎಂದು ನನಗೆ ಗೊತ್ತು.

ನಮ್ಮ ರಸ್ತೆಯಲ್ಲಿ ಬಸ್ಸು ಓಡುವುದು ನಿಮಿಷದ ಮೇಲೆ. ನಮ್ಮ ಮುಂದೆ ಒಂದು ಬಸ್ಸು, ಹಿಂದೆ ಒಂದು ಬಸ್ಸು, ನಡುವೆ ಮೂರು ನಾಲ್ಕು ನಿಮಿಷ. ನಾವು ತಡಮಾಡಿದರೆ ಹಿಂದಿನವನು ನಮ್ಮನ್ನು ದಾಟಿ ಮುಂದಿನ ನಿಲ್ದಾಣದ ಜನರನ್ನೆಲ್ಲ ತುಂಬಿಸಿಕೊಳ್ಳುತ್ತಾನೆ. ಸಂಜೆ ಮಾಲಿಕರ ಮುಂದೆ ತಲೆ ತಗ್ಗಿಸಬೇಕಾದವನು ಕಂಡಕ್ಟರು. ಹಾಗಾಗಿ ನಾವು ಪ್ರಯಾಣಿಕರನ್ನು ಮುಖ ನೋಡಿ ಅಳೆಯುತ್ತಿರಲಿಲ್ಲ, ಸೆಕೆಂಡಿನಲ್ಲಿ ಅಳೆಯುತ್ತಿದ್ದೆವು. ಕಾಲೇಜು ಹುಡುಗರಿಗೆ ಬಸ್ಸು ನಿಲ್ಲುವುದೇ ಬೇಡ. ಮೀನಿನ ಬುಟ್ಟಿಯ ಹೆಂಗಸಿಗೆ ಹದಿನೈದು ಸೆಕೆಂಡು. ಕೋಲು ಹಿಡಿದವರಿಗೆ ಅರ್ಧ ನಿಮಿಷ. ಕೋಲು ಹಿಡಿದವರು ಒಬ್ಬರೇ ನಿಂತಿದ್ದರೆ ಡ್ರೈವರು ಬಸ್ಸನ್ನು ಇಪ್ಪತ್ತು ಮಾರು ಮುಂದೆ ಒಯ್ದು ನಿಲ್ಲಿಸುತ್ತಿದ್ದ. ಅವರು ಸದ್ದು ಹಿಡಿದು ತಡವರಿಸುತ್ತ ಬರುವಷ್ಟರಲ್ಲಿ ನಾನು ಹೊರಡು ಎಂದು ಎರಡು ಸೀಟಿ ಊದುತ್ತಿದ್ದೆ. ಬಸ್ಸು ನಿಲ್ಲಿಸಲಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. ನಿಲ್ಲಿಸಿದ್ದೆವಲ್ಲ! ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ, ಎಲ್ಲರಿಗೂ ಬರುತ್ತಿತ್ತು.

ಸರ್ಕಾರ ಕಣ್ಣು ಕಾಣದವರಿಗೆ ಬಸ್ಸಿನ ಪಾಸು ಕೊಡುತ್ತಿತ್ತು. ಅದು ಸರ್ಕಾರಿ ಬಸ್ಸಿಗೆ. ಆಗ ನಮ್ಮ ರಸ್ತೆಯಲ್ಲಿ ಓಡುತ್ತಿದ್ದ ಬಸ್ಸೆಲ್ಲ ಖಾಸಗಿ. ಪಾಸನ್ನು ಪ್ಲಾಸ್ಟಿಕ್ಕಿನಲ್ಲಿ ಜೋಪಾನ ಮಾಡಿಕೊಂಡು ತೋರಿಸಿದವರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಇದ್ನ್ ದೇವ್ರ ಕೋಣಿಯಂಗೆ ಇಟ್ಟ್ ಪೂಜೆ ಮಾಡಿ." ಬಸ್ಸು ನಗುತ್ತಿತ್ತು. ನಗಿಸುವ ಕಂಡಕ್ಟರು ಎಂದು ನನಗೆ ಹೆಸರಿತ್ತು. ಆ ಹೆಸರು ನನಗೆ ಹೆಮ್ಮೆಯಾಗಿತ್ತು.

ಅವಳು ನಮ್ಮ ಬಸ್ಸು ಹತ್ತಲು ಶುರು ಮಾಡಿದ್ದು ೧೯೯೭ರಲ್ಲಿ, ಹೈಸ್ಕೂಲಿಗೆ ಸೇರಿದಾಗ. ನಾಗೂರಿನ ಆಚೆಯ ಹುಡುಗಿ. ತಂದೆ ದೋಣಿಗೆ ಹೋಗುತ್ತಿದ್ದರು, ತಾಯಿ ಬುಟ್ಟಿಯಲ್ಲಿ ಮೀನು ಹೊತ್ತು ಮಾರುತ್ತಿದ್ದರು. ಎದುರಿಗೆ ಬೋರ್ಡು ನೇತಾಡುತ್ತಿದ್ದರೂ ಪ್ರತಿ ದಿನ, "ಕಂಡಕ್ಟ್ರೆ, ಇದ್ ಕುಂದಾಪ್ರ ಬಸ್ಸಾ?" ಎಂದು ಕೇಳುತ್ತಿದ್ದಳು. ಬಾಗಿಲಿನ ಕಂಬಕ್ಕೆ ಭುಜ ತಾಗಿಸಿಕೊಳ್ಳುತ್ತಿದ್ದಳು. ಸಂಜೆ ಹೊತ್ತು ಇಳಿಯುವಾಗ ಮೆಟ್ಟಿಲನ್ನು ಕಾಲಿನಲ್ಲಿ ಹುಡುಕುತ್ತಿದ್ದಳು. ಆದರೆ ಟಿಕೆಟು ಕೊಟ್ಟರೆ ಅದರ ಮೇಲಿನ ಅಂಕಿ ಓದುತ್ತಿದ್ದಳು. ಇದು ಹೇಗೆ ಎಂದು ನಾನು ಒಮ್ಮೆಯೂ ಯೋಚಿಸಲಿಲ್ಲ. ಗಮನವಿಲ್ಲದ ಹೆಣ್ಣು ಎಂದುಕೊಂಡೆ.

ಅವಳಿಗಿದ್ದದ್ದು ಸುತ್ತಲಿಂದ ಒಳಕ್ಕೆ ಬರುತ್ತ ಕಣ್ಣನ್ನು ಮುಚ್ಚುವ ರೋಗ. ಕೊಳವೆಯೊಳಗಿಂದ ನೋಡಿದ ಹಾಗೆ ನೇರ ಎದುರಿನದು ಕಾಣುತ್ತದೆ, ಬದಿಯದು ಕಾಣುವುದಿಲ್ಲ, ಕಾಲ ಕೆಳಗಿನದು ಕಾಣುವುದಿಲ್ಲ. ಕೊಳವೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಮೈದಾನದಲ್ಲಿ ಎಳೆದ ಬಿಳಿ ಗೆರೆ ಆ ಕೊಳವೆಯೊಳಗೆ ಸರಿಯಾಗಿ ಬೀಳುತ್ತಿತ್ತು. ಅದಕ್ಕೇ ಅವಳು ಓಡುತ್ತಿದ್ದಳು. ಎಡವುವ ಹೆದರಿಕೆಯಿಲ್ಲದೆ ಅವಳು ಕಾಲು ಬೀಸಬಹುದಾದ ಜಾಗ ಲೋಕದಲ್ಲಿ ಅದೊಂದೇ ಇತ್ತು.

ನಾಲ್ಕು ವರ್ಷದ ನಂತರ, ಅವಳು ಕಾಲೇಜಿನಲ್ಲಿದ್ದಾಗ, ಒಂದು ಬೆಳಿಗ್ಗೆ ಬಿಳಿ ಬೂಟು ಹಾಕಿಕೊಂಡು ಬಸ್ಸು ಹತ್ತಿದಳು. ರಾಜ್ಯಮಟ್ಟದ ಓಟಕ್ಕೆ ಬ್ರಹ್ಮಾವರದಲ್ಲಿ ಆಯ್ಕೆ. ಆ ವಯಸ್ಸಿನ ಗುಂಪಿನಲ್ಲಿ ಅವಳಿಗೆ ಅದೇ ಕೊನೆಯ ವರ್ಷ.

"ಕಂಡಕ್ಟ್ರೆ, ಸ್ಟ್ಯಾಂಡಿಗಿಂತ ಮುಂಚೆ ಮೈದಾನ ಸಿಕ್ಕತ್ತಲೆ, ಅಲ್ಲೇ ಗೇಟಿನ ಎದ್ರಿಗೆ ಇಳ್ಸ್ತ್ರಿಯಾ? ಮುಂದೆ ಇಳ್ಸಿದ್ರೆ ವಾಪಾಸ್ ನಡ್ಕಂಡ್ ಬಪ್ಪುಕೆ ಕಷ್ಟ. ನಂಗೆ ಬದಿ ಕಾಂತಿಲ್ಲೆ, ಕೆಳ್ಗೆ ಗುಂಡಿ ಇದ್ರೂ ಕಾಂತಿಲ್ಲೆ."

"ಆಯ್ತ್, ಕೂಕೊ," ಎಂದೆ.

ಕುಂದಾಪುರ ದಾಟಿದ ಮೇಲೆ, ಮೂರನೆಯ ಸೀಟಿನಲ್ಲಿ ದಿನವೂ ಬರುವ ಅಂಗಡಿಯವರೊಬ್ಬರು ಪೇಪರು ಎತ್ತಿ ಹಿಡಿದರು. "ಹ್ವಾಯ್ ಕಂಡಕ್ಟ್ರೆ, ಇಕಾ ಕಾಣಿ. ಇದ್ ನಿಮ್ಮ್ ಬಸ್ಸಿನ ಹೆಣ್ಣೇ ಅಲ್ದಾ? ಎಂಟ್ನೂರ್ ಮೀಟರಂಗೆ ಫಸ್ಟ್ ಬಂದಿತ್ ಗಡ."

ಚಿತ್ರದಲ್ಲಿ ಅವಳೇ. ಎದೆ ಮುಂದೆ ಮಾಡಿ ಗೆರೆ ದಾಟುತ್ತಿದ್ದಳು.

"ಓಡುಕೆ ಕಣ್ಣ್ ಕಾಂತ್, ಇಳುಕೆ ಕಾಂತಿಲ್ಯಾ?" ಎಂದು ಹಿಂದಿನಿಂದ ಯಾರೋ ಹೇಳಿದರು. ಬಸ್ಸು ನಕ್ಕಿತು.

ನನಗೆ ಮೋಸವಾಯಿತು ಅನ್ನಿಸಿತು. ಕಣ್ಣು ಕಾಣುವುದಿಲ್ಲ ಎಂದು ಹೇಳಿ ಬಾಗಿಲಿಗೇ ಬಸ್ಸು ನಿಲ್ಲಿಸಿಕೊಳ್ಳುವ ಉಪಾಯ ಇದು ಎಂದುಕೊಂಡೆ. ಅವಳ ಎದುರು ಹೋಗಿ ನಿಂತು ಮೂಗಿನ ನೇರಕ್ಕೆ ಬೆರಳು ಹಿಡಿದೆ.

"ಇದ್ ಎಷ್ಟ್?"

"ಮೂರು."

"ಕೇಂಡ್ರಿಯಾ? ಕಾಂತಿಲ್ಲೆ ಅಂಬಳ್ ಇವ್ಳ್!"

ನಗು ಡ್ರೈವರಿನವರೆಗೆ ಹೋಯಿತು. ಅವಳ ಮುಖ ಕೆಂಪಾಯಿತು. ಆದರೂ ಮೆಲ್ಲಗೆ, ಪಾಠ ಒಪ್ಪಿಸುವ ಹಾಗೆ, "ಎದ್ರಿಗೆ ಹಿಡ್ದದ್ದ್ ಕಾಂತ್ ಕಂಡಕ್ಟ್ರೆ. ಕೈ ಚೂರ್ ಬದಿಗೆ ತಕಣಿ, ಆಗ ಕೇಣಿ," ಎಂದಳು.

ಒಂದು ಗೇಣು. ನನ್ನ ಕೈಯನ್ನು ಒಂದು ಗೇಣು ಬದಿಗೆ ಸರಿಸಿದ್ದರೆ ಅವಳು ಹೇಳಿದ್ದು ನಿಜವೆಂದು ಇಡೀ ಬಸ್ಸಿಗೆ ತಿಳಿಯುತ್ತಿತ್ತು. ಸರಿಸಲಿಲ್ಲ. ಜನ ನಗುತ್ತಿರುವಾಗ ನಿಜ ಯಾರಿಗೆ ಬೇಕು?

ಮೈದಾನ ಬಂತು. ಡ್ರೈವರು ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಿಲ್ಲಿಸು ಎಂದು ಊದಲು ನಾನು ಸೀಟಿ ಬಾಯಿಗಿಡಲಿಲ್ಲ. ಮುಂದಿನ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವಳು ಕೇಳಿದಳು: "ಮೈದಾನ ಬಂತಾ?"

"ಅದ್ ಆಗ್ಳೇ ಹೋಯ್ತ್. ಹಿಂದೆ ಓಡ್ಕಂಡ್ ಹೋಗ್, ಓಡುಕೆ ಬತ್ತಲೆ ನಿಂಗೆ."

ಮತ್ತೆ ನಗು. ಅವಳು ಇಳಿದಳು. ನಾನು ಎರಡು ಸೀಟಿ ಊದಿದೆ.

ಆ ವರ್ಷ ರಸ್ತೆಯ ಬದಿಯುದ್ದಕ್ಕೂ ಫೋನಿನ ಕೇಬಲ್ಲಿಗೆಂದು ಅಗೆದು ಹಾಕಿದ್ದರು. ಒಂದು ಗಂಟೆಯ ಮೇಲೆ ಉಡುಪಿಯಿಂದ ವಾಪಸು ಬರುವಾಗ ಅಲ್ಲಿ ಐದಾರು ಜನ ಸೇರಿದ್ದರು. ಗುಂಡಿಯ ಅಂಚಿನಲ್ಲಿ ಅವಳು ಕೂತಿದ್ದಳು. ಒಂದು ಬೂಟು ಬಿಚ್ಚಿ ಪಕ್ಕದಲ್ಲಿಟ್ಟಿದ್ದರು. ಕಾಲು ಕಣಕಾಲಿನ ಹತ್ತಿರ ಬೇರೆಯದೇ ದಿಕ್ಕಿಗೆ ತಿರುಗಿತ್ತು. ಡ್ರೈವರು ಬಸ್ಸಿನ ವೇಗ ಇಳಿಸಿದ.

"ಅದ್ ಬೆಳಿಗ್ಗಿನ ಹೆಣ್ಣಲ್ದಾ ಮಾರಾಯ್ರೆ? ನಿಲ್ಸುವಾ?"

ನಾನು ಎರಡು ಸೀಟಿ ಊದಿದೆ. ಹೋಗು ಎಂದು.

ಮೊದಲನೆಯದಕ್ಕಾದರೂ ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಬಹುದು. ಇದಕ್ಕೆ ಏನು ಹೇಳಲಿ? ಅವಳು ಹೇಳಿದ್ದು ನಿಜವೆಂದು ಆಗ ನನಗೆ ತಿಳಿದಿತ್ತು. ತಿಳಿದದ್ದರಿಂದಲೇ ಊದಿದೆ. ನಿಂತರೆ ಅವಳು ನನ್ನ ದನಿ ಗುರುತಿಸುತ್ತಾಳೆ, ಸೇರಿದ ಜನ ನನ್ನನ್ನು ಹಿಡಿದು ಕೇಳುತ್ತಾರೆ ಎಂಬ ಹೆದರಿಕೆ.

ಮುಂದಿನ ವಾರ ಅವಳ ತಾಯಿ ಖಾಲಿ ಬುಟ್ಟಿಯೊಂದಿಗೆ ಹತ್ತಿ, ಪಕ್ಕದ ಹೆಂಗಸಿಗೆ ಹೇಳುತ್ತಿದ್ದರು: "ಕಾಲ್ ಮುರ್ದಿತ್. ಇನ್ ಆ ಓಟಕ್ಕೆ ವಯಸ್ಸಿಲ್ಲೆ ಅಂಬ್ರ್. ಬಸ್ಸಿನವ ಮುಂದೆ ಒಯ್ದ್ ಇಳ್ಸ್ದ ಗಡ, ಯಾವ ಬಸ್ಸ್ ಅಂತ ಕೇಂಡ್ರೆ ಹೇಳ್ತಿಲ್ಲೆ. ಅವ್ನ್ ಕೈಕಾಲ್ ಬಿದ್ದ್ ಹೋಪುಕೆ!" ನಾನು ಕೈ ಚಾಚಿ ಅವರಿಗೆ ಟಿಕೆಟು ಕೊಟ್ಟೆ. ಅವರು ತೆಗೆದುಕೊಂಡರು. ಕಾಲು ಮುರಿದ ಆ ದಿನದಿಂದ ಅವಳು ನಮ್ಮ ಬಸ್ಸಿಗೆ ಬರಲಿಲ್ಲ.

ಕೆಲವು ವರ್ಷಗಳ ನಂತರ ಅವಳನ್ನು ಮರವಂತೆಯ ಮರಳಿನಲ್ಲಿ ಕಂಡೆ. ಅಲ್ಲಿ ರಸ್ತೆ ಕಡಲಿನ ಪಕ್ಕದಲ್ಲೇ ಹೋಗುತ್ತದೆ. ಕಡಲು ಇಳಿದಿದ್ದ ಬೆಳಿಗ್ಗೆ ಇಬ್ಬರು ಹೆಂಗಸರು ತಮ್ಮ ಮಣಿಕಟ್ಟುಗಳ ನಡುವೆ ಒಂದು ಮೊಳ ಹಗ್ಗ ಕಟ್ಟಿಕೊಂಡು ಓಡುತ್ತಿದ್ದರು. ಇನ್ನೊಬ್ಬಳು ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳು, ಅವಳ ನೆರೆಮನೆಯವಳಂತೆ. ಇಬ್ಬರ ಕಾಲೂ ಒಟ್ಟಿಗೆ ಎದ್ದು ಒಟ್ಟಿಗೆ ಬೀಳುತ್ತಿದ್ದವು. ಕೊಳವೆ ಪೂರ್ತಿ ಮುಚ್ಚಿತ್ತು, ಅವಳು ಓಟ ಬಿಟ್ಟಿರಲಿಲ್ಲ.

"ಕೈ ಕಟ್ಕಂಡ್ ಓಡುದ್ ಎಂತಕೆ?" ಎಂದು ಬಸ್ಸಿನಲ್ಲಿ ಒಬ್ಬ ಕೇಳಿದ.

"ತಪ್ಸ್ಕಂಡ್ ಹೋಪುದ್ ಬ್ಯಾಡ ಅಂದೇಳಿ," ಎಂದ ಇನ್ನೊಬ್ಬ.

ಎಲ್ಲರೂ ನನ್ನ ಕಡೆ ನೋಡಿದರು, ನಾನು ಇನ್ನೊಂದು ಸೇರಿಸುತ್ತೇನೆ ಎಂದು. ನಾನು ಹಿಂದಿನ ಬಾಗಿಲಿಗೆ ಹೋಗಿ ನಿಂತೆ. ಬಾಯಿ ಮುಚ್ಚಿ ಎಂದು ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ.

ನನ್ನ ಬೆನ್ನು ಹೋದದ್ದು ೨೦೧೧ರ ಹೊತ್ತಿಗೆ. ಕೆಲಸ ಬಿಟ್ಟೆ. ಮುಲಾಮು, ಎಣ್ಣೆ, ಇಂಜೆಕ್ಷನ್ನು ಎಲ್ಲ ಮುಗಿದ ಮೇಲೆ ಹೆಂಡತಿ, "ಬ್ರಹ್ಮಾವರದಂಗೆ ಒಬ್ರ್ ಇದ್ರ್ ಅಂಬ್ರ್, ಕೈಯಂಗೆ ಮುಟ್ಟಿಯೇ ಎಲ್ಲ ಹೇಳ್ತ್ರ್ ಗಡ," ಎಂದು ಕರೆದುಕೊಂಡು ಹೋದಳು. ಕ್ಲಿನಿಕ್ಕಿನ ಹೊರಗೆ ಕುತ್ತಿಗೆ ಹಿಡಿದ ಮೀನಿನ ಹೆಂಗಸರು, ಮಂಡಿ ಹೋದ ಯಕ್ಷಗಾನದ ವೇಷಧಾರಿ, ಭುಜ ಜಾರಿಸಿಕೊಂಡ ಕಬಡ್ಡಿ ಹುಡುಗರು ಕೂತಿದ್ದರು. ಒಳಗೆ ಮೂರು ಮಂಚ, ಗೋಡೆಯಲ್ಲಿ ಒಂದು ಪದಕವೂ ಇಲ್ಲ. ಬಾಗಿಲಲ್ಲಿ ನಿಂತಿದ್ದವಳು ಅವಳೇ.

"ಬೋರಲ್ ಮನಿಕಣಿ ಅಜ್ಜಯ್ಯ," ಎಂದಳು.

ಅವಳ ಬೆರಳು ನನ್ನ ಬೆನ್ನುಮೂಳೆಯ ಮಣಿಗಳನ್ನು ಒಂದೊಂದಾಗಿ ಎಣಿಸಿಕೊಂಡು ಇಳಿಯಿತು. ಎಡಸೊಂಟದಲ್ಲಿ ನಿಂತಿತು. "ಈ ಸೊಂಟ ಮೇಲೆ ಹೋಯ್ತ್. ಒಂದೇ ಬದಿಗೆ ಒರ್ಗಿ ವರ್ಷಗಟ್ಲೆ ನಿಂತದ್ದ್. ನೀವ್ ಬಸ್ಸಂಗೆ ಇದ್ದವ್ರಾ?"

ಕಂಡಕ್ಟರು ಚೀಲ ಬಲಕ್ಕೆ ಹಾಕಿ, ಸೀಟಿನ ಕಂಬಿಗೆ ಎಡಸೊಂಟ ಆನಿಸಿ ಟಿಕೆಟು ಹರಿಯುತ್ತಾನೆ. ಆ ಮೂವತ್ತು ವರ್ಷವನ್ನು ಅವಳು ಒಂದು ನಿಮಿಷದಲ್ಲಿ ಓದಿದ್ದಳು. ನಾನೋ, ನಾಲ್ಕು ವರ್ಷ ದಿನವೂ ಅವಳನ್ನು ಕಣ್ಣಾರೆ ಕಂಡಿದ್ದೆ.

"ಅಲ್ಲ, ಹೋಟ್ಲಂಗೆ ಇದ್ದೆ. ಗಲ್ಲೆಯಂಗೆ ಕೂಕಂಡ್ ದುಡ್ಡ್ ತಕಂಬುದ್," ಎಂದೆ. ದನಿ ಬದಲಿಸಿ, ಕೆಮ್ಮು ಸೇರಿಸಿ. ಹೆಂಡತಿ ಬೆಪ್ಪಾಗಿ ನನ್ನನ್ನು ನೋಡಿದಳು.

"ಹೋಟ್ಲಿನವ್ರಿಗೆ ಈ ಸೊಂಟ ಬತ್ತಿಲ್ಲೆ," ಎಂದು ನಕ್ಕಳು.

ಹತ್ತು ಸಲ ಹೋದೆ, ಹತ್ತು ಸಲವೂ ಹೋಟೆಲಿನವನಾಗಿಯೇ ಹೋದೆ. ನನ್ನ ನೋವು ಇಳಿಯುತ್ತಿತ್ತು. ಅದು ಅವಳ ಕೈಯಿಂದಲೇ ಇಳಿಯುತ್ತಿತ್ತು ಎಂಬುದು ಸಹಿಸಲಾಗದ ಇನ್ನೊಂದು ನೋವಾಯಿತು. ಹತ್ತನೆಯ ಸಲದ ಮೇಲೆ ಆ ಸನ್ಮಾನ, ಆ ಭಾಷಣ, ಆ ಚಪ್ಪಾಳೆ. ಕೈಹಿಡಿದು ಇಳಿಸುತ್ತೇವಂತೆ!

ಹನ್ನೊಂದನೆಯ ಸಲ ಹೋದವನು ಮಂಚದ ಮೇಲೆ ಮಲಗಲಿಲ್ಲ. ನಿಂತೇ ಹೇಳಿದೆ. ಬೆರಳು ಹಿಡಿದದ್ದು, ಕೈ ಸರಿಸದೆ ಇದ್ದದ್ದು, ಮೈದಾನ ದಾಟಿಸಿ ಇಳಿಸಿದ್ದು. ವಾಪಸು ಬರುವಾಗ ಕಂಡದ್ದನ್ನು ಮಾತ್ರ ಹೇಳಲಿಲ್ಲ. ಅಷ್ಟು ಹೇಳಿದ್ದೇ ದೊಡ್ಡದು ಎಂದು ನನ್ನ ಮನಸ್ಸು ಆಗಲೇ ನನಗೆ ಸಮಾಧಾನ ಹೇಳುತ್ತಿತ್ತು. "ತಪ್ಪಾಯ್ತ್ ಮಗಾ," ಎಂದೆ.

ಅವಳು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

"ದನಿ ಮೊದ್ಲ್ ದಿನವೇ ಗೊತ್ತಾಯ್ತ್. ಯಾವಾಗ ಹೇಳ್ತ್ರಿ ಅಂತ ಕಾದೆ," ಎಂದಳು. ಆಮೇಲೆ ಅವಳ ದನಿ ಏರಿತು. "ನಾನ್ ಆವತ್ ಮೂರು ಅಂದೆ. ಮೂರೇ ಇತ್ತ್. ಗೊತ್ತಿಲ್ಲೆ ಅಂತ ಸುಳ್ಳ್ ಹೇಳಿದ್ರೆ ನೀವ್ ಬಸ್ಸ್ ನಿಲ್ಸ್ತಿದ್ರಿ. ನಿಜ ಹೇಳಿದ್ದಕ್ಕೆ ಕಾಲ್ ಮುರ್ಕಂಡೆ. ಆಮೇಲೆ ಹೋದಲ್ಲೆಲ್ಲ ಅದೇ ಕಥೆ. ಕಣ್ಣ್ ಕಾಂತಿಲ್ಲೆ ಅಂಬ ಸರ್ಟಿಫಿಕೇಟ್ ಕೇಂಬುಕೆ ಹೋದ್ರೆ, ಓಡ್ತೆ ಅಂಬ್ರ್ಯಲೆ ನಿಂಗೆಂತಕೆ ಅಂದ್ರ್. ಫಿಸಿಯೋಥೆರಪಿ ಸೀಟ್ ಕೇಂಬುಕೆ ಹೋದ್ರೆ, ಕಾಂತಿಲ್ಲೆ ಅಂಬ್ರ್ಯಲೆ ಹ್ಯಾಂಗೆ ಓದ್ತೆ ಅಂದ್ರ್. ಈಗ ಶಾಲ್ ಹೊದ್ಸ್ತ್ರ್! ನಿಮ್ಗೆ ತಪ್ಪಾಯ್ತ್ ಅಂದ್ರೆ ಹಗುರ ಆತ್ತ್. ನಂಗೆಂತ ಆತ್ತ್?"



ಅವಳು ಮೇಜಿನ ಖಾನೆಯಿಂದ ಒಂದು ಕಾಗದ ತೆಗೆದು ನನ್ನ ಕೈಗಿಟ್ಟಳು. ಭಾನುವಾರ ಭಾನುವಾರ ಅದೇ ಮೈದಾನಕ್ಕೆ ಕಣ್ಣು ಕಾಣದ ಮಕ್ಕಳು ಓಡಲು ಬರುತ್ತಾರೆ, ಅವಳೇ ಕಲಿಸುತ್ತಾಳೆ. ಹೆದ್ದಾರಿ ಈಗ ನಾಲ್ಕು ಪಟ್ಟಿಯದಾಗುತ್ತಿದೆ, ಅಗೆದಲ್ಲೆಲ್ಲ ಹೊಂಡ. ಬಸ್ಸುಗಳು ಮೈದಾನದ ಎದುರು ನಿಲ್ಲಬೇಕು, ಊರಿನ ಹೆಸರು ಕೂಗಿ ಹೇಳಬೇಕು ಎಂದು ಅವಳು ಕುಂದಾಪುರದ ಉಪವಿಭಾಗಾಧಿಕಾರಿಯ ಕಚೇರಿಗೆ ಅರ್ಜಿ ಕೊಟ್ಟಿದ್ದಳು. ಆ ಕಾಗದ ಮಾಲಿಕರು ಕೊಟ್ಟ ಉತ್ತರ. ಕಣ್ಣು ಕಾಣದವರನ್ನು ಬೇಕಾದಲ್ಲಿ ಇಳಿಸದೆ ಹೋದ ಒಂದು ಘಟನೆಯೂ ಈ ಮಾರ್ಗದಲ್ಲಿ ನಡೆದಿಲ್ಲ ಎಂದು ಬರೆದಿದ್ದರು.

"ನಾನ್ ಹೇಳಿದ್ರೆ ಕಥೆ ಕಟ್ತೆ ಅಂತ್ರ್. ನೀವೇ ಬರ್ದ್ ಕೊಡಿ. ಕುಂದಾಪ್ರದ ಆಫೀಸಂಗೆ ಮೀಟಿಂಗ್ ಇತ್ತ್, ಅಲ್ಲಿ ಎಲ್ರೆದ್ರ್ ಓದಿ. ಆತ್ತಾ?"

ನನ್ನ ಅಳಿಯ ಅದೇ ಮಾಲಿಕರ ಬಸ್ಸಿನಲ್ಲಿ ಡ್ರೈವರು. ಹೆಂಡತಿ ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ಹಳೆಯ ಗೆಳೆಯನೊಬ್ಬ, ಅವನೂ ಕಂಡಕ್ಟರನಾಗಿದ್ದವನು, ಮನೆಯವರೆಗೆ ಬಂದ. "ನೀ ಒಬ್ನೇ ಸತ್ಯಹರಿಶ್ಚಂದ್ರ್ನಾ? ನಾವೆಲ್ಲ ಮಾಡದ್ದ್ ಎಂತ ಮಾಡಿದ್ದೆ ನೀನ್?" ಎಂದ. ಅವನ ಮಾತು ಸರಿಯಾಗಿತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಎಲ್ಲರೂ ಮಾಡಿದ್ದನ್ನು ಒಬ್ಬನೂ ಮಾಡಿಲ್ಲ ಎಂದು ಮುದ್ರೆ ಒತ್ತಿ ಬರೆದುಕೊಡುತ್ತೇವಲ್ಲ!

ಬರೆಯಲು ಕೂತಾಗ ಒಂದು ಪುಟದಲ್ಲಿ ಮುಗಿಯಿತು. ಸಹಿ ಹಾಕಲಿಲ್ಲ. ಇನ್ನೊಂದು ಹಾಳೆ ತೆಗೆದು ವಾಪಸು ಬರುವಾಗಿನದನ್ನೂ ಬರೆದೆ.

ಕಚೇರಿಯ ಸಭೆಯಲ್ಲಿ ಅಧಿಕಾರಿ, ಮಾಲಿಕರ ಕಡೆಯ ಇಬ್ಬರು, ಗೋಡೆಯ ಪಕ್ಕದ ಕುರ್ಚಿಯಲ್ಲಿ ಅವಳು. ನಾನು ನಿಂತು ಓದಿದೆ. ಮೊದಲ ಪುಟ ಮುಗಿದಾಗ ಅಧಿಕಾರಿ, "ಸಾಕು, ವಿಷಯ ಗೊತ್ತಾಯಿತು," ಎಂದರು. ಮಾಲಿಕರ ಕಡೆಯವರೂ ತಲೆಯಾಡಿಸಿದರು. ನಾನು ಹಾಳೆ ಮಡಿಸತೊಡಗಿದೆ. ಆದರೆ ಅವಳಿಗೆ ಎರಡನೆಯ ಹಾಳೆಯ ಸದ್ದು ಕೇಳಿತ್ತು.

"ಇನ್ನೊಂದ್ ಪುಟ ಇತ್ತಲೆ, ಪೂರಾ ಓದ್ಲಿ," ಎಂದಳು.

ಓದಿದೆ. ಗುಂಡಿಯ ಅಂಚು, ಬಿಚ್ಚಿಟ್ಟ ಬೂಟು, ಡ್ರೈವರು ಕೇಳಿದ್ದು, ನಾನು ಊದಿದ್ದು. ಮಾಲಿಕರ ಕಡೆಯವರೊಬ್ಬರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅಧಿಕಾರಿ ಎರಡೂ ಹಾಳೆಗಳನ್ನು ಕಡತಕ್ಕೆ ಸೇರಿಸಿದರು.

ಹೊರಗೆ ಮೆಟ್ಟಿಲಿನ ಹತ್ತಿರ ಅವಳು ಕೋಲು ಬಿಚ್ಚಿಕೊಂಡು ನಿಂತಿದ್ದಳು. ನಾನು ಪಕ್ಕಕ್ಕೆ ಬಂದು ನಿಂತೆ. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದರೆ ಒಳ್ಳೆಯದಿತ್ತು.

"ಆವತ್ ನೀವ್ ವಾಪಾಸ್ ಬಪ್ಪತಿಗೆ," ಎಂದಳು, "ಬಸ್ಸಂಗೆ ಜಾಗ ಇತ್ತಾ?"

ಗುಂಡಿಯ ಬದಿಯಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ಯುವ ಗಾಡಿಗಾಗಿ ಎಷ್ಟು ಹೊತ್ತು ಕಾದಿದ್ದರೋ, ನಾನು ಎಂದೂ ಕೇಳಿರಲಿಲ್ಲ.

"ಇತ್ತ್," ಎಂದೆ. "ಅರ್ಧ ಬಸ್ಸ್ ಖಾಲಿ ಇತ್ತ್."

"ಅದ್ನ್ ಬರಿಲಿಲ್ಲೆ ನೀವ್."

ಅವಳು ಕೋಲಿನಿಂದ ಮೊದಲ ಮೆಟ್ಟಿಲನ್ನು ಮುಟ್ಟಿ ನೋಡಿ ಇಳಿದು ಹೋದಳು. ನಾನು ಪೆನ್ನು ತೆಗೆದುಕೊಂಡು, ಕಡತ ಕೇಳಲು ಮತ್ತೆ ಒಳಗೆ ಹೋದೆ.